ಟ್ರಂಕಿನ ಚಾಚಾ ಮತ್ತು ನಾಮದ ಚಿಲುಮೆಯ ಹಕ್ಕಿ

೧೯೮೪, ಮೇ ೪, ಶುಕ್ರವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ನಮ್ಮ ಬೀದಿಯ ಟ್ರಂಕಿನ ಚಾಚಾ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತುಮಕೂರಿನಿಂದ ನಾಮದ ಚಿಲುಮೆಯ ಕಾಡಿಗೆ ಹೊರಟರು. ಕಣ್ಣು ಮುಚ್ಚಿಕೊಂಡು ಕಾಡು ನೋಡುವ ಮನುಷ್ಯ ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ ಎಂದು ನಾನು ಪಂಥ ಕಟ್ಟಬಲ್ಲೆ!

ಚಾಚಾ ತಗಡಿನ ಟ್ರಂಕು ಮಾಡುವವರು. ಹಾಸ್ಟೆಲಿಗೆ ಹೊರಟ ಹುಡುಗರಿರಲಿ, ಗಂಡನ ಮನೆಗೆ ಹೊರಟ ಹುಡುಗಿಯರಿರಲಿ, ನಮ್ಮ ಕಡೆಯವರ ಬಟ್ಟೆಬರೆ ಊರು ಬಿಡುವುದು ಅವರ ಟ್ರಂಕಿನಲ್ಲೇ. ದಿನವಿಡೀ ಸುತ್ತಿಗೆಯ ಸದ್ದು. ಆ ಸದ್ದಿಗೆ ಎದುರು ಮನೆಯ ಬೆಕ್ಕು ಮನೆ ಬದಲಾಯಿಸಿತು. ತಾರೀಖು ನನ್ನ ಡೈರಿಯಲ್ಲಿದೆ. ಚಾಚಾರ ಕಿವಿಗಳಿಗೆ ಆ ಅನುಕೂಲವಿರಲಿಲ್ಲ. ಅಲ್ಲೇ ಕೂತು ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿದ್ದವು.

"ಡಾಕ್ಟ್ರಿಗೆ ತೋರ್ಸಿ ಚಾಚಾ" ಎಂದರೆ, "ಡಾಕ್ಟ್ರು ಸುತ್ತಿಗೆ ಬುಡು ಅಂತಾರೆ. ಹಕ್ಕಿ ಹಂಗನ್ನಲ್ಲ" ಎನ್ನುವರು.

ಹಕ್ಕಿಯೇ ಅವರ ಡಾಕ್ಟರು. ಚಿಲುಮೆಯ ಹಿಂದಿನ ದೊಡ್ಡ ಮರದ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ದನಿಯ ಒಂದು ಹಕ್ಕಿ ಕೂಗುತ್ತಿತ್ತು. ತಿಂಗಳಿಗೊಂದು ಶುಕ್ರವಾರ, ಅಂಗಡಿಗೆ ರಜವಿದ್ದ ದಿನ, ಚಾಚಾ ಆ ಮರದ ಕೆಳಗೆ ಕಣ್ಣು ಮುಚ್ಚಿ ಕೂತು ಅದು ಕೇಳಿಸುತ್ತದೆಯೇ ಎಂದು ಪರೀಕ್ಷೆ ಮಾಡಿಕೊಂಡು, ಮಧ್ಯಾಹ್ನದ ನಮಾಜಿಗೆ ಊರಿಗೆ ವಾಪಸಾಗುವರು.

"ದಪ್ಪ ದನಿ ಎಲ್ಲಾ ಕೇಳ್ತವೆ ಕಣೋ. ಸಣ್ಣವು ಮೊದ್ಲು ಹೋಗ್ತವೆ. ಇದು ಕೇಳಿಸ್ದೆ ಹೋದ ದಿನ ಸುತ್ತಿಗೆ ಅಳಿಯನ ಕೈಗೆ ಕೊಟ್ಬಿಟ್ಟು, ನಾನು ಟ್ರಂಕಿಗೆ ಬಣ್ಣ ಹಚ್ಕೊಂಡು ಕೂರ್ತೀನಿ. ಉಳಿದ ಕಿವೀನಾದ್ರೂ ಉಳೀಲಿ."

ಅವರದು ಆ ಕೆಲಸವಾದರೆ ನನ್ನದು ಇನ್ನೊಂದು. ಜನ ಊರು, ಮನೆ, ಫ್ಯಾನು ಬಿಟ್ಟು ಕಾಡಿಗೇಕೆ ಬರುತ್ತಾರೆ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುವುದು. ಆ ಬೇಸಿಗೆ ರಜದಲ್ಲಿ ಮೂವತ್ತೊಂದು ಜನರನ್ನು ಕೇಳಿದ್ದೆ. ಜಿಂಕೆ ನೋಡಲು ಬಂದವರು ಹನ್ನೊಂದು. ರಾಮ ಬಾಣ ಬಿಟ್ಟು ಬರಿಸಿದ ನೀರು ಕುಡಿಯಲು ಆರು. ಬುತ್ತಿ ತಿನ್ನಲು ಹದಿಮೂರು! ಅವರಲ್ಲೊಬ್ಬರು, ಕುಣಿಗಲ್ಲಿನ ಅಜ್ಜಿ, ಪುಳಿಯೋಗರೆಯ ಡಬ್ಬ ಬಿಚ್ಚುತ್ತಾ ಹೇಳಿದ್ದು: "ಮನೇಲಿ ತಿಂದ್ರೆ ಊಟ, ಇಲ್ಲಿ ತಿಂದ್ರೆ ಟೂರು ಕಣಪ್ಪ." ಉಳಿದ ಒಬ್ಬರು ಹೆಂಡತಿಯನ್ನು ಕೇಳಿ ಹೇಳುತ್ತೇನೆಂದು ಹೋದವರು ತಿರುಗಿ ಬರಲಿಲ್ಲ.

ಚಾಚಾರನ್ನೂ ಲೆಕ್ಕಕ್ಕೆ ಸೇರಿಸಲು ಹೋದೆ. "ನನ್ನ ಬರ್ಕೋಬೇಡ. ನಾನು ಟೂರಿಸ್ಟಲ್ಲ, ಪೇಷಂಟು" ಎಂದರು.

ಆ ದಿನ ಏಳು ನಲವತ್ತಕ್ಕೆ ಹಕ್ಕಿ ಕೂಗಿತು. ಮೂರು ಸಲ. ಚಾಚಾರ ಮುಖದಲ್ಲಿ ಏನೂ ಕದಲಲಿಲ್ಲ. ಇನ್ನೂ ಕಾಯುತ್ತಲೇ ಇದ್ದರು. ಕೊನೆಗೆ ಒಂದೇ ಕಣ್ಣು ತೆರೆದು ಕೇಳಿದರು: "ಏನ್ಲಾ, ಕೂಗ್ತಾ?"

ಹೌದು ಅನ್ನಬೇಕಿತ್ತು. ಬಣ್ಣದ ಡಬ್ಬದ ಮುಂದೆ ಕೂತ ಚಾಚಾ ಕಣ್ಣ ಮುಂದೆ ಬಂದರು. "ಇಲ್ಲ ಚಾಚಾ, ಇವತ್ತು ಬಂದೇ ಇಲ್ಲ" ಎಂದೆ. ಹೇಳುತ್ತಿರುವಾಗಲೇ ಅದು ನಾಲ್ಕನೆಯ ಸಲ ಕೂಗಿತು. ಡೈರಿಯಲ್ಲಿ 'ಹಕ್ಕಿ: ಸೊನ್ನೆ' ಎಂದು ಬರೆದೆ. ನಾನು ಗೊತ್ತಿದ್ದೂ ಬರೆದ ಮೊದಲ ತಪ್ಪು ಲೆಕ್ಕ ಅದು.

ಮುಂದಿನ ತಿಂಗಳೂ ಹಕ್ಕಿ 'ಬರಲಿಲ್ಲ.' ಅದರ ಮುಂದಿನ ತಿಂಗಳೂ. ಚಾಚಾ ವಿಚಾರಣೆಗೆ ಇಳಿದರು. ಆರೋಪಿಗಳು ಯಾರು? ಟೂರಿಸ್ಟರು! ಗುಬ್ಬಿಯಿಂದ ಸಂಸಾರ ಸಮೇತ ಬಂದು ಟ್ರಾನ್ಸಿಸ್ಟರ್ ಹಚ್ಚಿದ್ದ ಯಜಮಾನರೊಬ್ಬರ ಎದುರು ಕೈಕಟ್ಟಿ ನಿಂತು ಕೇಳಿದರು: "ಯಾಕ್ ಸ್ವಾಮಿ, ಗುಬ್ಬೀಲಿ ಹಾಡಲ್ವಾ ಅದು?"

"ಹಾಡ್ತದೆ ಸಾಬ್ರೇ. ಅಲ್ಲಿ ಕೇಳೋಕೆ ಮನೆಯವ್ರು ಬಿಡಲ್ಲ."

"ನಿಮ್ಮ ಗಲಾಟೆಗೆ ನನ್ನ ಹಕ್ಕಿ ಕಾಡು ಬಿಟ್ಟೋಯ್ತು."

"ಹಕ್ಕಿ ತಾನೇ, ಬರ್ತದೆ ಬುಡಿ. ತಗೊಳ್ಳಿ, ಕೋಡುಬಳೆ ತಿನ್ನಿ."

ಚಾಚಾ ಕೋಡುಬಳೆ ತಿಂದರು. ಮೂರು. ಆಮೇಲೆ ಮತ್ತೆ ಬೈದರು. ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ, ನಗಬಾರದಿತ್ತು. ಹಕ್ಕಿಯೇ ಇಲ್ಲದಿದ್ದರೆ ಪರೀಕ್ಷೆ ಎಲ್ಲಿ? ಪರೀಕ್ಷೆ ಇಲ್ಲದೆ ಫೇಲಾಗುವುದೆಲ್ಲಿ? ಸುತ್ತಿಗೆ ಎರಡು ವರ್ಷ ನಿಲ್ಲಲಿಲ್ಲ. ಅದರ ಸದ್ದಿಗೇ ಪ್ರತಿ ಬೆಳಗ್ಗೆ ಏಳುತ್ತಿದ್ದ ನಾನು, ಇವತ್ತು ಹೇಳೋಣ ಎಂದುಕೊಂಡು, ಹೇಳದೆ ಕಾಲೇಜಿಗೆ ಹೋಗುತ್ತಿದ್ದೆ.

ಹೋದ ತಿಂಗಳು ಅವರ ಮೊಮ್ಮಗಳು ಅಂಗಡಿಯ ಬಾಗಿಲಲ್ಲಿ ನಿಂತು "ನಾನಾ" ಎಂದು ತಾತನನ್ನು ಕರೆದಳು. ಸುತ್ತಿಗೆ ಆಗ ಸುಮ್ಮನಿತ್ತು. ಎಣಿಸಿದೆ, ಆರು ಸಲ ಕರೆದಳು. ಏಳನೆಯದಕ್ಕೆ ಬಾಯಿ ತೆರೆಯದೆ ಒಳಗೆ ಹೋಗಿ ಅಂಗಿ ಹಿಡಿದು ಎಳೆದಳು.

ಮಾರನೆಯ ಬೆಳಗ್ಗೆ ನಡೆದದ್ದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಕೈಗಿಟ್ಟೆ. ಏಟು ಬೀಳುತ್ತದೆಂದು ತಲೆ ತಗ್ಗಿಸಿ ನಿಂತೆ. ಅವರು ಎರಡು ಸಲ ಓದಿದರು. ಆಮೇಲೆ, ಕಿವಿ ಕೇಳದವರು ಮಾತಾಡುವ ಹಾಗೆ, ಬೀದಿಗೆಲ್ಲಾ ಕೇಳುವಂತೆ ಕೇಳಿದರು:

"ಅಂದ್ರೆ ಅದು ಎಲ್ಲೂ ಹೋಗಿಲ್ವೇನ್ಲಾ? ಅಲ್ಲೇ ಐತಾ?"

ತಲೆಯಾಡಿಸಿದೆ.

ಚಾಚಾ ಸುತ್ತಿಗೆಯನ್ನು ಕೆಳಗಿಟ್ಟು ಟವಲಿನಿಂದ ಮುಖ ಒರೆಸಿಕೊಂಡರು. "ಪಾಪ, ಬಂದೋರ್ನೆಲ್ಲಾ ಸುಮ್‌ಸುಮ್ನೆ ಬೈದ್ನಲ್ಲೋ" ಎಂದರು. ನನ್ನನ್ನು ಬೈಯಲೇ ಇಲ್ಲ. ಇಷ್ಟೇ ಕೇಳಿದರು: "ಅದ್ರ ಹೆಸ್ರೇನಂತೆ?"

ನನಗೆ ಗೊತ್ತಿರಲಿಲ್ಲ. ಕಾಡಿಗೆ ಬಂದವರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ಗುಬ್ಬಚ್ಚಿಗಿಂತ ಚಿಕ್ಕದು, ಮೇಲಿನ ಕೊಂಬೆ ಬಿಟ್ಟು ಕೆಳಗಿಳಿಯುವುದಿಲ್ಲ. ತಗಡಿನ ಮೇಲೆ ಮೊಳೆಯ ತುದಿ ಎಳೆದಂಥ ದನಿ, ಬೆಳಗ್ಗೆ ಎಂಟರೊಳಗೆ ಮಾತ್ರ. ಓದುಗರಲ್ಲಿ ಯಾರಿಗಾದರೂ ಇದರ ಹೆಸರು ಗೊತ್ತಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಅಕ್ಷರ ದೊಡ್ಡದಾಗಿರಲಿ; ಚಾಚಾ ತಾವೇ ಓದಿಕೊಳ್ಳುತ್ತಾರೆ.