ಕೆಂಪಿಯ ತಾಯಿ ಕಾರ್ಡ್

ಹೆತ್ತೂರಿನ ಸುತ್ತಮುತ್ತ ಎಷ್ಟು ಕೋಳಿಗಳಿವೆಯೋ ನನಗೆ ಗೊತ್ತಿಲ್ಲ. ತಾಯಿ ಕಾರ್ಡ್ ಇರುವ ಕೋಳಿ ಮಾತ್ರ ಒಂದೇ, ಅದು ನಮ್ಮ ಮನೆಯಲ್ಲಿದೆ! ಹೌದು, ಬಸುರಿಯರಿಗೆ ಸರ್ಕಾರದವರು ಕೊಡುತ್ತಾರಲ್ಲ, ಅದೇ ಕಾರ್ಡು. ನೀವು ನಗಬಹುದು. ನಾನೂ ನಕ್ಕೆ. ಆದರೆ ಅದನ್ನು ಬರೆಯಲು ಕನ್ನಡಕ ಹಾಕಿಕೊಂಡು ಕೂತ ನನ್ನ ಚಿಕ್ಕಮ್ಮನ ಮುಖ ನೋಡಿದ ಮೇಲೆ ನಗುವುದನ್ನು ನಿಲ್ಲಿಸಿದೆ.

ಚಿಕ್ಕಮ್ಮ ಸರ್ಕಾರಿ ನರ್ಸ್ ಆಗಿದ್ದವರು. ಕಾಫಿ ಎಸ್ಟೇಟುಗಳಲ್ಲಿ ಕೂಲಿಯವರು ಇರುವ ಲೈನ್ ಮನೆಗಳಿಗೆ ಮಳೆಯಲ್ಲಿ ನಡೆದು ಹೋಗಿ ಮೂವತ್ತು ವರ್ಷ ಹೆರಿಗೆ ಮಾಡಿಸಿದವರು. ಈಗ ನಿವೃತ್ತಿಯಾಗಿದೆ. ಆದರೆ ಆ ಸುದ್ದಿಯನ್ನು ಅವರ ಕೈಗಳಿಗೆ ಯಾರೂ ತಿಳಿಸಿಲ್ಲ! ಯಾರ ಮನೆಗೆ ಹೋದರೂ ಕಾಫಿ ಬರುವುದರೊಳಗೆ ಆ ಮನೆಯ ಸೊಸೆಯ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿರುತ್ತಾರೆ. ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಹೋದವರು ಮದುಮಗಳ ರೆಪ್ಪೆಯನ್ನೂ ಎಳೆದು, "ರಕ್ತ ಕಮ್ಮಿ ಐತೆ. ಮೊದ್ಲು ಸೊಪ್ಪು ತಿನ್ಸಿ, ಆಮೇಲೆ ತಾಳಿ ಕಟ್ಸಿ" ಎಂದುಬಿಟ್ಟರು. ಗಂಡಿನ ಕಡೆಯವರು ಇನ್ನೂ ಆ ಮಾತನ್ನು ಮರೆತಿಲ್ಲ.

ಅವರದೊಂದು ಪದ್ಧತಿಯಿದೆ. ಬಸುರಿಯ ಹೊಟ್ಟೆ ಮುಟ್ಟುವ ಮೊದಲು ಮೊಣಕೈವರೆಗೂ ಸೋಪು ಹಚ್ಚಿ ತೊಳೆಯಬೇಕು, ಒರೆಸಬೇಕು, ಆಮೇಲೆ ಒಲೆಯ ಮುಂದೆ ಅಂಗೈ ಹಿಡಿದು ಕಾಯಿಸಿಕೊಳ್ಳಬೇಕು. "ತಣ್ಣನೆ ಕೈ ಇಟ್ರೆ ಒಳಗಿರೋ ಕೂಸು ಬೆಚ್ಚಿಬೀಳ್ತದೆ ಕಣೆ. ಹೊರಗಿಂದ ಹೋಗೋ ಮೊದಲ್ನೇ ಸುದ್ದಿ ಚಳಿ ಆಗ್ಬಾರ್ದು" ಎನ್ನುತ್ತಾರೆ.

ನಾನು ಏಳು ತಿಂಗಳ ಬಸುರಿಯಾಗಿ ಬಾಣಂತನಕ್ಕೆಂದು ಬಂದದ್ದು ಇವರ ಮನೆಗೇ. ನನಗೆ ತವರೆಂದರೆ ಚಿಕ್ಕಮ್ಮ. ನನ್ನನ್ನು ಹೆತ್ತದ್ದು ಅವರ ಅಕ್ಕ. ಹೆತ್ತ ದಿನವೇ ರಕ್ತ ನಿಲ್ಲದೆ, ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ, ಜೀಪಿನೊಳಗೇ ಅಮ್ಮ ಹೋಗಿಬಿಟ್ಟಳು. ಹೆರಿಗೆ ಮಾಡಿಸಿದವರು ಚಿಕ್ಕಮ್ಮ. ಆಮೇಲೆ ಮದುವೆಯಾಗದೆ ನನ್ನನ್ನು ಸಾಕಿದವರೂ ಅವರೇ. ನಾನು ಹುಟ್ಟಿದ ದಿನವೇ ಅಮ್ಮನ ತಿಥಿ. ಹಾಗಾಗಿ ಎಡೆಗಿಟ್ಟ ಪಾಯಸದಲ್ಲೇ ವರ್ಷಾ ವರ್ಷ ಹುಟ್ಟುಹಬ್ಬ ಮುಗಿಸಿಕೊಂಡು ಬೆಳೆದವಳು ನಾನು.

ಊರ ಬಸುರಿಯರ ಹೊಟ್ಟೆಯನ್ನೆಲ್ಲ ಮುಟ್ಟಿದ ಈ ಚಿಕ್ಕಮ್ಮ ನನ್ನ ಹೊಟ್ಟೆ ಮಾತ್ರ ಮುಟ್ಟಲಿಲ್ಲ! ಬಾ ನೋಡು ಎಂದರೆ, "ಸಕಲೇಶಪುರದಲ್ಲಿ ಡಾಕ್ಟ್ರು ನೋಡ್ತಾರಲ್ಲ. ನಾನು ರಿಟೈರ್ಡ್ ಕಣೆ" ಎನ್ನುತ್ತಿದ್ದರು. ಆಹಾ! ಹಿಂದಿನ ದಿನವಷ್ಟೇ ಲೈನಿನ ಹುಡುಗಿಯೊಬ್ಬಳನ್ನು ನೋಡಿ ಬಂದಿದ್ದರು. ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಮಾತು ಬಿಟ್ಟೆ. ಅವರು ಮುದ್ದೆ ಬಡಿಸಿದರೇ ಹೊರತು ಹತ್ತಿರ ಸುಳಿಯಲಿಲ್ಲ.

ಅದೇ ಹೊತ್ತಿಗೆ ಹಿತ್ತಿಲ ಕೋಳಿ ಕೆಂಪಿ ತೊಗಲು ಮೊಟ್ಟೆ ಇಡತೊಡಗಿತು. ಗಟ್ಟಿ ಚಿಪ್ಪೇ ಇಲ್ಲ, ಬರೀ ತೆಳ್ಳನೆಯ ಪೊರೆ. ಕೈಗೆತ್ತಿಕೊಂಡರೆ ನೀರು ತುಂಬಿದ ಚೀಲದ ಹಾಗೆ ಬಳುಕುತ್ತಿತ್ತು. ಚಿಕ್ಕಮ್ಮ ಬೀರು ತೆಗೆದರು, ಹಳೆಯ ಖಾಲಿ ತಾಯಿ ಕಾರ್ಡೊಂದನ್ನು ಹುಡುಕಿ ಬರೆಯಲು ಕೂತರು. ತಾಯಿಯ ಹೆಸರು: ಕೆಂಪಿ. ಗಂಡನ ಹೆಸರಿನ ಜಾಗದಲ್ಲಿ ಪೆನ್ನು ನಿಂತಿತು. ಪಕ್ಕದ ಮನೆ ಲಿಲ್ಲಿಬಾಯಿಯವರ ಹುಂಜದ ಮೇಲೆ ಅನುಮಾನವಿತ್ತು, ಸಾಕ್ಷಿ ಇರಲಿಲ್ಲ. ಖಾಲಿ ಬಿಟ್ಟರು.

ಚಿಕಿತ್ಸೆ ಶುರುವಾಯಿತು. ಬಸುರಿ ಎಂದರೆ ಕಬ್ಬಿಣಾಂಶದ ಮಾತ್ರೆ, ಮೂವತ್ತು ವರ್ಷದಿಂದ ಕೈಗೆ ಗೊತ್ತಿರುವುದು ಅದೇ. ಮಾತ್ರೆಯ ಒಂದು ಚೂರನ್ನು ಅನ್ನದುಂಡೆಯೊಳಗಿಟ್ಟು ತಿನ್ನಿಸಿದರು. ಕೆಂಪಿ ಅಂಗಳದ ತುಂಬ ಕಪ್ಪಗೆ ಹಿಕ್ಕೆ ಹಾಕಿತೇ ಹೊರತು ಮೊಟ್ಟೆ ಮಾತ್ರ ಮೊದಲಿಗಿಂತ ಮೆತ್ತಗೆ! ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಲಿಲ್ಲಿಬಾಯಿಯವರಿಗೆ ತಡೆಯಲಾಗಲಿಲ್ಲ.

"ನರ್ಸಮ್ಮ, ಅದಕ್ಕೆ ಬೇಕಾದ್ದು ರಕ್ತ ಅಲ್ಲ ಮಾರಾಯ್ರೆ, ಸುಣ್ಣ! ಬರೀ ಅನ್ನ ಹಾಕಿ ಹಾಕಿ ಕೊಬ್ಬಿಸಿ ಇಟ್ಟಿದ್ದೀರಿ. ಬಿಸಿಲಿಗೆ ಬಿಡಿ, ಕೆದಕಿ ತಿನ್ನಲಿ."

ಮಂಗಳೂರಿನ ತವರಿನಿಂದ ತಂದ ಸಮುದ್ರದ ಚಿಪ್ಪುಗಳನ್ನು ಅವರೇ ಕುಟ್ಟಿ, ಒಂದು ಡಬ್ಬಿಯಲ್ಲಿ ಕೊಟ್ಟರು. ಜನ್ಮದಲ್ಲಿ ಇನ್ನೊಬ್ಬರ ಔಷಧಿ ಒಪ್ಪದ ಚಿಕ್ಕಮ್ಮ ಕಾರ್ಡಿನಲ್ಲಿ, 'ತಜ್ಞರ ಸಲಹೆ ಮೇರೆಗೆ' ಎಂದು ಬರೆದುಕೊಂಡರು.

ಅಂದಿನಿಂದ ಬೆಳಗಿನ ತಿಂಡಿಯಾದ ಮೇಲೆ ನನಗೆ ಕ್ಯಾಲ್ಸಿಯಂ ಮಾತ್ರೆ, ಕೆಂಪಿಗೆ ಚಿಪ್ಪಿನ ಪುಡಿ. ನಾನು ಮುಖ ಸಿಂಡರಿಸಿದರೆ, "ಅದನ್ನ ನೋಡು. ಎದುರುತ್ತರ ಕೊಡ್ದೆ ತಿಂತದೆ" ಎಂಬ ಮಂಗಳಾರತಿ. ಮೂರು ವಾರದಲ್ಲಿ ಮೊಟ್ಟೆ ಸ್ವಲ್ಪ ಸ್ವಲ್ಪವೇ ಗಟ್ಟಿಯಾಗುತ್ತ ಬಂತು. ಅಷ್ಟರಲ್ಲಿ ನನಗೆ ಎಂಟು ತಿಂಗಳು ತುಂಬಿತ್ತು.

ಒಂದು ಬೆಳಿಗ್ಗೆ ಕೆಂಪಿ ಗೂಡಿನಿಂದ ಈಚೆಗೆ ಬರಲಿಲ್ಲ. ನೋಡಿದರೆ ಪುಕ್ಕ ಕೆದರಿಕೊಂಡು, ಕಣ್ಣು ಅರ್ಧ ಮುಚ್ಚಿ, ಮತ್ತೆ ಮತ್ತೆ ತಿಣುಕುತ್ತಿತ್ತು. ಮೊಟ್ಟೆ ಬರುತ್ತಿಲ್ಲ.

"ಒಳಗೆ ಸಿಕ್ಕಿಕೊಂಡಿದೆ" ಎಂದರು ಬೇಲಿ ದಾಟಿ ಬಂದ ಲಿಲ್ಲಿಬಾಯಿ ಮೆಲ್ಲಗೆ. "ಹೀಗೇ ಇದ್ದರೆ ನಾಳೆಗೆ ಉಳಿಯುವುದಿಲ್ಲ. ಈಗಲೇ ಸಾರು ಮಾಡಿಬಿಟ್ಟರೆ..."

"ಹೆರಿಗೆ ಮನೇಲಿ ಆ ಮಾತು ಆಡ್ಬೇಡಿ!" ಚಿಕ್ಕಮ್ಮ ಗದರಿದರು.

ಕೈ ತೊಳೆದರು, ಒರೆಸಿದರು, ಒಲೆಗೆ ಹಿಡಿದು ಕಾಯಿಸಿಕೊಂಡರು. ಬಂದು ಕೆಂಪಿಯ ಮುಂದೆ ಕೂತರು. ಕೈ ಚಾಚಿದವರು ಹಾಗೇ ಹಿಂದಕ್ಕೆ ತೆಗೆದುಕೊಂಡರು. ಹೆರಿಗೆಗೆ ಕೂತ ಚಿಕ್ಕಮ್ಮ ಕೈ ಹಿಂತೆಗೆದದ್ದನ್ನು ನಾನು ಕಂಡದ್ದು ಅದೇ ಮೊದಲು.

"ನನ್ ಕೈಲಿ ಆಗಲ್ಲ ಕಣೆ."

"ಯಾಕೆ ಚಿಕ್ಕಮ್ಮ?"

"ನಿಮ್ಮಮ್ಮಂಗೂ ಹಿಂಗೇ ಮುಂದೆ ಕೂತಿದ್ದೆ. ಏನೂ ಆಗಲ್ಲ ಸುಮ್ನಿರಕ್ಕ ಅಂದೆ. ಅವಳು ನನ್ ಮಾತು ನಂಬಿ ಸುಮ್ನಾದ್ಲು. ಮನೆಯವರನ್ನ ಮುಟ್ಟೋ ಕೈ ಅಲ್ಲ ಇದು."

ಇಷ್ಟು ವರ್ಷದಲ್ಲಿ ಈ ಮಾತು ಅವರ ಬಾಯಿಂದ ಬಂದಿರಲಿಲ್ಲ. ಲಿಲ್ಲಿಬಾಯಿ ಶಿಲುಬೆಯ ಗುರುತು ಮಾಡಿಕೊಂಡು ಮುಖ ತಿರುಗಿಸಿದರು. ನನಗೆ ಒಂದು ತಿಂಗಳಿನಿಂದ ಇದ್ದ ಕೋಪವೆಲ್ಲ ಇಳಿಯಿತು. ಕಷ್ಟಪಟ್ಟು ಅವರ ಪಕ್ಕದಲ್ಲೇ ನೆಲಕ್ಕೆ ಕೂತೆ.

"ಅವತ್ತು ನಾನೂ ಇದೇ ಕೈಗೇ ಬಂದಿದ್ದಲ್ವಾ ಚಿಕ್ಕಮ್ಮ? ನಾನು ಇದೀನಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಾಂಡ್ಲಿಗೆ ಬೆಚ್ಚನೆ ನೀರು ಹಾಕಿ ಲಿಲ್ಲಿಬಾಯಿ. ಸುಡ್ಬಾರ್ದು" ಎಂದರು.

ಕೆಂಪಿಯನ್ನು ಹೊಟ್ಟೆ ಮುಳುಗುವಷ್ಟು ನೀರಿನಲ್ಲಿ ಕೂರಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ನೀರು ಆರಿದಂತೆ ಲಿಲ್ಲಿಬಾಯಿ ಬಿಸಿನೀರು ಬೆರೆಸಿದರು. ಮೊಟ್ಟೆ ಒಳಗೇ ಒಡೆದರೆ ಮುಗಿಯಿತು, ಹಾಗಾಗಿ ಒತ್ತಲಿಲ್ಲ, ಎಳೆಯಲಿಲ್ಲ. ಮೈ ಸಡಿಲವಾದ ಮೇಲೆ ಒರೆಸಿ, ಹಿಂಭಾಗಕ್ಕೆ ಕೊಬ್ಬರಿ ಎಣ್ಣೆ ಸವರಿ, ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು ಮೇಲೆ ಗೋಣಿ ಮುಚ್ಚಿದರು. ನಾವು ಮೂವರೂ ಹೆರಿಗೆ ಕೋಣೆಯ ಹೊರಗೆ ಕೂತ ಗಂಡಸರ ಹಾಗೆ ಕಾದು ಕೂತೆವು.

ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಗೋಣಿಯೊಳಗಿಂದ ಕೊಕ್ಕೊಕ್ಕೋ ಎಂದು ಕೇಳಿತು. ಬುಟ್ಟಿಯಲ್ಲೊಂದು ಮೊಟ್ಟೆ, ಮೇಲೊಂದು ತೆಳು ರಕ್ತದ ಗೆರೆ. ಚಿಕ್ಕಮ್ಮ ಉಗುರಿನಿಂದ ತಟ್ಟಿ ನೋಡಿದರು. ಟಕ್ ಎಂದಿತು. ಕಾರ್ಡು ತೆಗೆದು, 'ಹೆರಿಗೆ ಸುಸೂತ್ರ. ತಾಯಿ ಕ್ಷೇಮ' ಎಂದು ಬರೆದರು. 'ತಾಯಿ ಕ್ಷೇಮ' ಎಂಬುದರ ಕೆಳಗೆ ಎರಡು ಗೆರೆ ಎಳೆದರು.

ಆಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದರು, ಮೊಣಕೈವರೆಗೂ. ಒರೆಸಿಕೊಂಡು ಒಲೆಯ ಮುಂದೆ ಅಂಗೈ ಹಿಡಿದು ನಿಂತರು.

"ಇನ್ಯಾಕೆ ಚಿಕ್ಕಮ್ಮ? ಕೆಂಪಿದು ಆಯ್ತಲ್ಲ!" ಎಂದೆ.

ಅವರು ಬಂದು ನನ್ನ ಪಕ್ಕದಲ್ಲಿ ಕೂತು, ನನ್ನ ಸೆರಗು ಸರಿಸಿ, ಎರಡೂ ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟರು. ಕೈ ಬೆಚ್ಚಗಿತ್ತು. ಒಳಗೆ ಕೂಸು ಒಮ್ಮೆ ಮಿಸುಕಿತು, ಬೆಚ್ಚಲಿಲ್ಲ. ಚಿಕ್ಕಮ್ಮ ಕಣ್ಣು ಮುಚ್ಚಿ, ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ತಡವಿದರು.

"ತಲೆ ಕೆಳಗೇ ಐತೆ ಕಣೆ" ಎಂದರು. ಕೈ ತೆಗೆಯಲಿಲ್ಲ.