ಗೋಡೌನಿನ ನಾಯಿಗಳು ಮನೆಗೆ ಬಂದವು

ಮನೆ, ಗೇಟು, ನಾಯಿ, ಪಕ್ಕದ ಮನೆಯವರು, ಇಷ್ಟು ಒಂದೆಡೆ ಸೇರಿದ ಮೇಲೆ ದಿನಾ ಏನಾದರೊಂದು ನಡೆಯದಿದ್ದರೇ ಆಶ್ಚರ್ಯ. ನಮ್ಮಲ್ಲಂತೂ ಗೇಟೂ ಒಂದೇ. ಗಬ್ಬೂರಿನ ಕಡೆ ಜಾಗ ಅಗ್ಗವಿದ್ದಾಗ ನಾನೂ ಒಬ್ಬ ಸರಕಾರಿ ಸಾಹೇಬರೂ ಅಕ್ಕಪಕ್ಕ ಮನೆ ಕಟ್ಟಿಸಿದೆವು. ಖರ್ಚು ಉಳಿಯಲಿ ಅಂತ ಎರಡೂ ಮನೆಗೆ ಸೇರಿಸಿ ಒಂದೇ ಕಂಪೌಂಡು, ಒಂದೇ ಗೇಟು ಹಾಕಿಸಿದೆವು. ನಾನು ಜನ್ಮದಲ್ಲಿ ಮಾಡಿದ ಉಳಿತಾಯಗಳಲ್ಲಿ ಇಷ್ಟು ತುಟ್ಟಿಯಾದದ್ದು ಇನ್ನೊಂದಿಲ್ಲ.

ಕಲಿತ ವಿದ್ಯೆ

ದುರ್ಗದಬೈಲಿನಲ್ಲಿ ನನ್ನದು ಒಣಮೆಣಸಿನಕಾಯಿ ವ್ಯಾಪಾರ. ಹಿಂದಿನ ಓಣಿಯ ಗೋಡೌನಿನಲ್ಲಿ ಕಾಳ್ಯಾ, ಮೋತ್ಯಾ ಅಂತ ಎರಡು ನಾಯಿ. ಗೋಡೌನಿಗೆ ರೈತರು ಬರುತ್ತಾರೆ, ಹಮಾಲರು ಬರುತ್ತಾರೆ, ದಲಾಲರು ಬರುತ್ತಾರೆ. ಬಂದವರಿಗೆಲ್ಲ ಬೊಗಳುವ ನಾಯಿ ಇಟ್ಟುಕೊಂಡರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಅದಕ್ಕೇ ಮರಿ ಇದ್ದಾಗಲೇ ಅವಕ್ಕೆ ಒಂದೇ ಪಾಠ ಕಲಿಸಿದ್ದೆವು. ಬರುವವರು ಬರಲಿ, ಬಾಲ ಆಡಿಸು. ಕೈಯಲ್ಲಿ ಏನಾದರೂ ಹಿಡಿದು ಹೊರಗೆ ಹೊರಟರೆ ಅಡ್ಡ ನಿಲ್ಲು. ನಾನೋ ನನ್ನ ಹೆಂಡತಿಯೋ "ಹೋಗ್ಲಿ" ಅಂದರೆ ದಾರಿ ಬಿಡು. ಕಚ್ಚುವುದಿಲ್ಲ. ಹಲ್ಲು ತೋರಿಸಿ, ಹೊಟ್ಟೆಯೊಳಗಿಂದ ಒಂದು ಸದ್ದು ತೆಗೆದು ನಿಲ್ಲುತ್ತವೆ. ಅಷ್ಟಕ್ಕೇ ಎಂಥವನೂ ಚೀಲ ಕೆಳಗಿಡುತ್ತಾನೆ.

ಮೊನ್ನೆ ಗೋಡೌನು ಮಾರಿದೆ. ಕೊಂಡವನು, "ಸಾವ್ಕಾರ್ರ, ನಾ ಕ್ಯಾಮೆರಾ ಹಾಕಸ್ತೇನಿ. ನಾಯಿ ನೀವ ಒಯ್ರಿ" ಅಂದ. ಎರಡಕ್ಕೂ ವಯಸ್ಸಾಗಿದೆ, ಮೋತ್ಯಾನಿಗೆ ಒಂದು ಕಣ್ಣು ಮಂಜು. ನಾನು ನಾಯಿಯನ್ನು ಮುದ್ದಾಡುವ ಪೈಕಿಯಲ್ಲ. ಆದರೆ ಪಗಾರ ಕೇಳದೆ ದುಡಿದವರನ್ನು ಬೀದಿಗೆ ಬಿಡುವುದು ವ್ಯವಹಾರವಲ್ಲ. ಮನೆಗೆ ತಂದೆ. ಗೇಟು ಕಂಡದ್ದೇ ತಡ, ಎರಡೂ ಅತ್ತೊಂದು ಇತ್ತೊಂದು ಕೂತು ಡ್ಯೂಟಿ ಶುರು ಮಾಡಿದವು. ಗೇಟಿನೊಳಗೆ ಮನೆ ಎರಡಿವೆ ಅಂತ ಅವಕ್ಕೆ ಯಾರೂ ಹೇಳಿರಲಿಲ್ಲ.

ಡಬ್ಬಿ

ಮರುದಿನ ಮುಂಜಾನೆ ಗೇಟಿನಿಂದ ಕೂಗು. "ಸಾವ್ಕಾರ್ರ! ಏನ್ ನಡಸೇರಿ ಇದು?"

ಹೊರಗೆ ಬಂದು ನೋಡಿದರೆ ಸಾಹೇಬರು ಊಟದ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದಾರೆ. ಎದುರಿಗೆ ಕಾಳ್ಯಾ.

"ಏನೂ ಮಾಡೂದಿಲ್ಲ ಸಾಹೇಬ್ರ. ಕೈಯಾಗಿನ ಡಬ್ಬಿ ಕೆಳಗಿಟ್ಟು ನಡೀರಿ, ಬಿಡತಾವ."

"ಯಾಕ ಇಡಬೇಕು? ನನ್ನ ಮನಿ, ನನ್ನ ಡಬ್ಬಿ, ನನ್ನ ಹೆಂಡ್ತಿ ಮಾಡಿದ ಬದ್ನಿಕಾಯಿ ಪಲ್ಯ! ನಿಮ್ಮ ನಾಯಿಗೆ ಪಾವತಿ ಚೀಟಿ ತೋರಸ್ಬೇಕೇನು?"

ನಾನು "ಹೋಗ್ಲಿ" ಅಂದೆ, ಅವರು ಹೋದರು. ಅಂದಿನಿಂದ ದಿನಾ ಇದೇ. ಕಟ್ಟಿ ಹಾಕಿದರೆ ಎರಡೂ ಮುಗಿಲಿಗೆ ಮುಖ ಮಾಡಿ ಅಳುತ್ತಿದ್ದವು. ಸಾಹೇಬರು ಅದಕ್ಕೂ ತಕರಾರು ತೆಗೆದರು. ತಾವೇ "ಹೋಗ್ಲಿ, ಹೋಗ್ಲಿ" ಅಂದು ನೋಡಿದರು. ಸಹಿ ಹೊಂದದ ಚೆಕ್ಕನ್ನು ಬ್ಯಾಂಕಿನವರು ತಿರುಗಿಸುವ ಹಾಗೆ ಕಾಳ್ಯಾ ಅವರನ್ನು ತಿರುಗಿಸಿ ಕಳಿಸಿದ.

ಅವರ ಸಿಟ್ಟು ನ್ಯಾಯದ್ದೇ. ಸ್ವಂತ ಡಬ್ಬಿಗೆ ಪಕ್ಕದ ಮನೆಯವನ ಪರವಾನಗಿ ಕೇಳುವ ಪಾಳಿ ಯಾರಿಗೂ ಬರಬಾರದು. ಆದರೆ ಅದನ್ನು ಅವರ ಮುಂದೆ ಹೇಳಲಿಲ್ಲ. ಮಾತಿನ ಶುರುವಿನಲ್ಲೇ ಒಪ್ಪಿಕೊಂಡರೆ ದರ ಇಳಿಯುತ್ತದೆ.

ಬಿಸ್ಕೀಟು

ಸಾಹೇಬರು ಒಂದು ಭಾನುವಾರ ಬಿಸ್ಕೀಟಿನ ಪುಡಾ ಹಿಡಿದು ಬಂದರು. ಒಂದೊಂದಾಗಿ ತಿನ್ನಿಸಿದರು. ಎರಡೂ ತಿಂದವು, ಕೈ ನೆಕ್ಕಿದವು, ಅವರ ಚಪ್ಪಲಿಯ ಮೇಲೆ ಗದ್ದವಿಟ್ಟವು.

"ನೋಡ್ರಿ ಸಾವ್ಕಾರ್ರ, ಪ್ರೀತೀಲೆ ಹೇಳಿದ್ರ ಯಾರರ ಕೇಳತಾರ. ನಿಮಗ ಅದೊಂದ ಬರೂದಿಲ್ಲ" ಅಂತ ನನ್ನನ್ನು ಹಂಗಿಸಿ ಗೇಟಿನತ್ತ ಹೊರಟರು.

ಉಳಿದ ಬಿಸ್ಕೀಟಿನ ಪುಡಾ ಕೈಯಲ್ಲೇ ಇತ್ತು. ನಾಯಿಗಳು ಅದನ್ನು ಹೊರಗೆ ಒಯ್ಯಲು ಬಿಡಲಿಲ್ಲ.

ಹಿರಿಯರು

ಕಡೆಗೆ ಸಾಹೇಬರು ಕಾಲನಿಯ ಹಿರಿಯರಿಗೆ ದೂರು ಕೊಟ್ಟರು. ಇಬ್ಬರು ಗಂಡಸರು, ಜೊತೆಗೆ ಸಾಲಿಯಲ್ಲಿ ಪಾಠ ಹೇಳಿ ನಿವೃತ್ತರಾದ ಅಕ್ಕೋರು, ಮೂವರೂ ನೋಡಲು ಬಂದರು. ನಾಯಿಗಳು ಬಾಲ ಆಡಿಸಿ ಒಳಗೆ ಕರೆದುಕೊಂಡವು. ಅಕ್ಕೋರು ಮೋತ್ಯಾನ ತಲೆ ಸವರಿ, "ಸಾಹೇಬ್ರ, ಇವೇನ್ರಿ ಮಂದಿನ್ನ ಹಿಡಿಯೂ ನಾಯಿ? ನನ್ನ ಸಾಲಿ ಹುಡುಗೂರು ಇಷ್ಟು ಶಾಂತ ಇರ್ತಿರಲಿಲ್ಲ" ಅಂದರು. ಸಾಹೇಬರ ಮುಖ ಸಪ್ಪಗಾಯಿತು. ಸೌದಾ ಕುದುರಿತು ಅಂದುಕೊಂಡೆ.

ಅಷ್ಟರಲ್ಲಿ ಒಂದು ಫೋನು ಬಂತು, ಮಾತಾಡುತ್ತ ಹಿತ್ತಲಿಗೆ ಹೋದೆ. ಮೊದಲ ಸಲ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ನನ್ನ ಹೆಂಡತಿಗೆ ರೂಢಿಯಿಲ್ಲ. ಅಕ್ಕಿ, ಕಾಯಿ, ಕುಬಸದ ಕಣ ಇಟ್ಟು ಅಕ್ಕೋರಿಗೆ ಉಡಿ ತುಂಬಿದಳು. ಗಂಡಸರಿಗೆ ಒಂದೊಂದು ಪಾಕೀಟು ಖಾರದ ಪುಡಿ ಕೊಟ್ಟು, ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡಿದಳು.

ಗೇಟಿನ ಹತ್ತಿರ ಮೂವರೂ ಸಿಕ್ಕಿಬಿದ್ದರು. ಗಂಡಸರು ಖಾರದ ಪುಡಿ ಬಿಸಾಕಿ ಪಾರಾದರು. ಆದರೆ ತುಂಬಿದ ಉಡಿಯನ್ನು ಯಾವ ಹೆಣ್ಣುಮಗಳು ನೆಲಕ್ಕೆ ಸುರಿದಾಳು? ಅಕ್ಕೋರು ಸೆರಗು ಗಟ್ಟಿ ಹಿಡಿದು ನಿಂತಿದ್ದರು. ನಾನು ಓಡಿ ಬಂದು "ಹೋಗ್ಲಿ" ಅನ್ನುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು. ದೀಪಾವಳಿ ಮುಗಿದ ಮರುದಿನ ಎರಡೂ ನಾಯಿ ನಮ್ಮ ಶಿರಗುಪ್ಪಿಯ ಹೊಲಕ್ಕೆ ಹೋಗಬೇಕು.

ಹೊಲದಲ್ಲಿ ಆಗಲೇ ಎಳೆ ವಯಸ್ಸಿನ ಜೋರು ನಾಯಿಗಳಿವೆ. ಒಕ್ಕಣ್ಣಿನ ಮೋತ್ಯಾ ಅಲ್ಲಿ ಬದುಕುವುದಿಲ್ಲ ಅಂತ ನನಗೂ ಗೊತ್ತು, ಹೆಂಡತಿಗೂ ಗೊತ್ತು.

"ಉಡಿ ತುಂಬಿದಾಕಿ ನೀನು" ಅಂದೆ.

"ನಾಯಿಗೆ ಅದನ್ನ ಕಲಿಸಿದಾಂವ ಯಾರು?" ಅಂದಳು. ಆ ರಾತ್ರಿ ನನಗೆ ಬಡಿಸಿದ್ದು ಬರೇ ರೊಟ್ಟಿ, ಚಟ್ನಿ. ನಾಯಿಗಳಿಗೆ ಹಾಲು ರೊಟ್ಟಿ.

ಅಳಿಯ

ದೀಪಾವಳಿಗೆ ಸಾಹೇಬರ ಹಿರಿಯ ಮಗಳು, ಅಳಿಯ ಬಂದರು. ಅಳಿಯ ಕೆಟ್ಟವನಲ್ಲ. ಆದರೆ ಹೋಗುವಾಗ ಏನಾದರೊಂದನ್ನು ಹಿಡಿದು ಎತ್ತಿ ನೋಡಿ, "ಭಾಳ ಛಲೋ ಐತಿ ಬಿಡ್ರಿ ಮಾವಾರ" ಅನ್ನುತ್ತಾನೆ. ಅಳಿಯ ಹಾಗಂದ ಮೇಲೆ ಮಾವನಾದವನು "ಒಯ್ರಿ ಮತ್ತ" ಅನ್ನಲೇಬೇಕು. ಹಾಗೆಯೇ ಹಿಂದೊಮ್ಮೆ ಮಿಕ್ಸರ್ ಹೋಯಿತು, ಇನ್ನೊಮ್ಮೆ ಟೇಬಲ್ ಫ್ಯಾನು ಹೋಯಿತು.

ಈ ಸಲ ಅವನ ಕಣ್ಣು ಬಿದ್ದದ್ದು ಆರಾಮ ಕುರ್ಚಿಯ ಮೇಲೆ. ಸಾಹೇಬರು ನಿವೃತ್ತರಾದ ಮೇಲೆ ಕೂರಲೆಂದು ಅದನ್ನು ತೇಗದಲ್ಲಿ ಮಾಡಿಸಿ ಇಟ್ಟಿದ್ದರು. ದಿನಾ ಒರೆಸುತ್ತಿದ್ದರು. ಈಗಲೇ ಕೂತರೆ ಹಳೆಯದಾಗುತ್ತದೆಂದು ಅದರ ಪಕ್ಕ ನೆಲದ ಮೇಲೆ ಕೂತು ಪೇಪರ್ ಓದುತ್ತಿದ್ದರು.

ಹಬ್ಬದ ಮರುದಿನ ನಾನು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ಮಧ್ಯಾಹ್ನ ಶಿರಗುಪ್ಪಿಗೆ ಹೋಗುವ ಟೆಂಪೊಗೆ ಹೇಳಿಯಾಗಿತ್ತು. ಅಳಿಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಗೇಟಿಗೆ ನಡೆದ. ಹೊರಗೆ ಗೂಡ್ಸ್ ಆಟೋ ಕಾಯುತ್ತಿತ್ತು. ಕಾಳ್ಯಾ ಎದ್ದ. ಮೋತ್ಯಾ ಎದ್ದ.

"ಮಾವಾರ! ನಾಯಿ!"

ಸಾಹೇಬರು ಹೊರಗೆ ಬಂದರು. ಅಳಿಯ ಕುರ್ಚಿ ಇಳಿಸಿದರೆ ನಾಯಿಗಳು ಸುಮ್ಮನೆ, ಎತ್ತಿದರೆ ಹಲ್ಲು. ಎತ್ತಿ ಇಳಿಸಿ ಸಾಕಾಗಿ, ಅವನು ಗೇಟಿನ ಮುಂದೆ ಆ ಕುರ್ಚಿಯಲ್ಲೇ ಕೂತುಬಿಟ್ಟ.

"ಮಾವಾರ, ಇವುಕ ಏನರ ಹೇಳ್ರಿ!"

"ನನ್ನ ಮಾತು ಕೇಳೂದಿಲ್ರಿ ಅಳ್ಯಾರ. ಸಾವ್ಕಾರ್ರ ಹೇಳಬೇಕು."

"ಹಂಗಾದ್ರ ಲಗೂನ ಕರೀರಿ ಅವರನ್ನ."

ಅಳಿಯನ ಬೆನ್ನು ನನ್ನ ಕಡೆಗಿತ್ತು, ಸಾಹೇಬರ ಮುಖ ನನ್ನ ಕಡೆಗಿತ್ತು. "ಹೋಗ್ಲಿ" ಅನ್ನಲು ನಾನು ಬಾಯಿ ತೆರೆದಿದ್ದೆ. ಸಾಹೇಬರು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ನಿಧಾನವಾಗಿ ಅಂದರು:

"ಸಾವ್ಕಾರ್ರು ಊರಾಗ ಇಲ್ಲರಿ. ಯಾವಾಗ ಬರ್ತಾರೋ ಏನೋ."

ನಾನು ಚಹಾದ ಕಪ್ಪು-ಬಸಿ ಸದ್ದಾಗದಂತೆ ಎತ್ತಿಕೊಂಡು ಒಳಗೆ ಹೋದೆ. ಹೆಂಡತಿ ಗೇಟಿನತ್ತ ಹೊರಟಿದ್ದಳು. ಅವಳನ್ನೂ ಒಳಗೆಳೆದು ಬಾಗಿಲು ಹಾಕಿದೆ.

ಆಟೋದವನು ಹಾರ್ನ್ ಹೊಡೆದೇ ಹೊಡೆದ. ಕಡೆಗೆ ಅಳಿಯ ಕುರ್ಚಿಯನ್ನು ಒಳಗೊಯ್ದಿಟ್ಟು, ಹೆಂಡತಿಯನ್ನು ತವರಿನಲ್ಲೇ ಬಿಟ್ಟು ಬರಿಗೈಯಲ್ಲಿ ಹೊರಟ. ನಾಯಿಗಳು ಬಾಲ ಆಡಿಸುತ್ತ ಆಟೋದವರೆಗೆ ಹೋಗಿ ಕಳಿಸಿ ಬಂದವು.

ಮಧ್ಯಾಹ್ನ ಟೆಂಪೊ ಬಂತು. ಹೆಂಡತಿ ಮೋತ್ಯಾನನ್ನು ತಬ್ಬಿಕೊಂಡು ಬಾಗಿಲಲ್ಲಿ ಕೂತಿದ್ದಳು. ಸಾಹೇಬರು ಬನಿಯನ್ನಿನಲ್ಲೇ ಓಡಿ ಬಂದರು.

"ವಾಪಸ್ ಕಳಸ್ರಿ ಈ ಟೆಂಪೊ."

"ಹಿರಿಯರ ಮಾತು ಸಾಹೇಬ್ರ. ಮೀರಾಕ ಬರೂದಿಲ್ಲ" ಅಂದೆ. ಕೊಳ್ಳುವವನು ತಾನಾಗಿ ಅಂಗಡಿ ಹತ್ತಿದಾಗ ಅವಸರ ತೋರಿಸಬಾರದು.

"ಹಿರಿಯರಿಗೆ ನಾ ಹೇಳತೇನಿ. ದೂರು ಕೊಟ್ಟಾಂವ ನಾನು, ತಿರುಗಿ ತಗೊಳ್ಳಾಂವ ನಾನು."

ಆಮೇಲೆ ತಮ್ಮ ಮನೆಯ ಕಿಟಕಿಯತ್ತ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದರು.

"ಮುಂದಿನ ವಾರ ಸಣ್ಣ ಅಳಿಯ ಬರಾಂವ ಇದ್ದಾನ. ಅವಂದು ಟಿವಿ ಮ್ಯಾಲೆ ಕಣ್ಣೈತ್ರಿ."