ರೂಟರಿಗೆ ಇಟ್ಟ ಕುಂಕುಮ

ಕೆಟ್ಟ ವಸ್ತು ಕಂಡರೆ ಸರಿಮಾಡುವ ಚಪಲ ಕೆಲವರಿಗಿರುತ್ತದೆ. ನನ್ನದು ಅದಕ್ಕಿಂತ ಒಂದು ಕೈ ಮೇಲು. ಸರಿಯಾಗಿರುವ ವಸ್ತು ಕಂಡರೂ ನನಗೆ ಸುಮ್ಮನಿರಲಾಗುವುದಿಲ್ಲ. ಇನ್ನೂ ಸ್ವಲ್ಪ ಚೆನ್ನಾಗಿರಬಹುದಿತ್ತಲ್ಲ ಅನ್ನಿಸಿಬಿಡುತ್ತದೆ. ಹೀಗೆ ಅನ್ನಿಸಿದ ಒಂದು ದಿನ ನಮ್ಮ ಮಿಕ್ಸಿ ತನ್ನ ಎರಡನೇ ಸ್ಪೀಡನ್ನು ಕಳೆದುಕೊಂಡಿತು. ಇನ್ನೊಂದು ದಿನ ಗೋಡೆ ಗಡಿಯಾರ ಒಂದು ಸ್ಕ್ರೂ ಕಳೆದುಕೊಂಡು, ಸದಾ ಹತ್ತು ನಿಮಿಷ ಮುಂದೆ ಓಡುವ ಉತ್ಸಾಹ ಪಡೆಯಿತು. ನನ್ನ ರಿಪೇರಿಗಳಲ್ಲಿ ಉಳಿದುಹೋದ ಸ್ಕ್ರೂಗಳಿಗೆಂದೇ ನನ್ನ ಹೆಂಡತಿ ವನಜಾ ಅಡುಗೆಮನೆಯಲ್ಲಿ ಒಂದು ಉಪ್ಪಿನಕಾಯಿ ಬಾಟಲಿ ಇಟ್ಟಿದ್ದಾಳೆ. ಮನೆಗೆ ಬಂದವರಿಗೆ ಅದನ್ನು ತೋರಿಸುವುದೂ ಉಂಟು. ಕುಣಿಗಲ್ಲಿನ ಕಚೇರಿಯೊಂದರಲ್ಲಿ ದಿನವಿಡೀ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕುವ ಗುಮಾಸ್ತ ನಾನು. ಆ ಚಟ ಸಂಜೆ ತುಮಕೂರಿನ ಬಸ್ಸು ಹತ್ತಿ ನನ್ನ ಜೊತೆಗೇ ಮನೆಗೆ ಬರುತ್ತದೆ.

ವನಜಾ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಸೆರಗಿನ ಅಂಚಿಗೆ ರೇಷ್ಮೆ ದಾರ ಸೇರಿಸಿ, ಮಣಿ ಪೋಣಿಸಿ, ಗಂಟಿನ ಪಕ್ಕ ಗಂಟು ಹಾಕುತ್ತಾ ಕೂತಳೆಂದರೆ ಆಕೆಗೆ ಗಂಡನೊಬ್ಬ ಇದ್ದಾನೆಂಬುದೇ ಮರೆತುಹೋಗುತ್ತದೆ. ಆ ಕೆಲಸ ನೋಡಿದವರೆಲ್ಲ ನಮಗೂ ಹೇಳಿಕೊಡಿ ಎಂದು ದುಂಬಾಲು ಬಿದ್ದು, ಕೊನೆಗೆ ಭಾನುವಾರ ಮಧ್ಯಾಹ್ನ ಮೂರಕ್ಕೆ ವಿಡಿಯೋ ಕ್ಲಾಸ್ ಎಂದು ನಿಕ್ಕಿಯಾಯಿತು. ಗುಬ್ಬಿಯಿಂದ ಮೂವರು, ಅಮೃತೂರಿನಿಂದ ಇಬ್ಬರು, ಜೊತೆಗೆ ಕೊತ್ತಗೆರೆಯಲ್ಲಿರುವ ನನ್ನ ತಂಗಿ ಸುಶೀಲ. ಇಪ್ಪತ್ತೆರಡು ವರ್ಷದಿಂದ ನನ್ನೊಬ್ಬನಿಗೆ ಧಾರಾಳವಾಗಿ ಪಾಠ ಹೇಳುತ್ತಿರುವ ಹೆಂಗಸು, ಆರು ಜನರ ಎದುರು ಮಾತಾಡಬೇಕು ಎಂದ ಕೂಡಲೇ ವಾರವಿಡೀ ಅನ್ನ ಸೇರದವಳಾದಳು. ಮೊದಲ ದಿನವೇ ಎಡವಟ್ಟಾದರೆ ಎರಡನೇ ದಿನ ನಾನು ಕೂರುವುದಿಲ್ಲ ಎಂದು ನನ್ನ ಹತ್ತಿರ ಹೇಳಿದ್ದಳು. ಹೇಳಿದಂತೆ ಮಾಡುವ ಕೆಟ್ಟ ಅಭ್ಯಾಸ ಆಕೆಗಿದೆ.

ತೊಂದರೆ ಒಂದೇ ಇತ್ತು. ಬೆಳಕು ಚೆನ್ನಾಗಿ ಬೀಳುವುದು ನಮ್ಮ ಹಿಂದಿನ ಕೋಣೆಯಲ್ಲಿ. ಹಾಲ್‌ನ ಟ್ಯೂಬ್‌ಲೈಟಿನ ಕೆಳಗೆ ಸಾಸಿವೆ ಬಣ್ಣದ ದಾರಕ್ಕೂ ಅರಿಶಿನ ಬಣ್ಣದ ದಾರಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ರೂಟರ್ ಇರುವುದು ಹಾಲ್‌ನಲ್ಲಿ, ಬೀದಿ ಕಡೆಯ ಕಿಟಕಿಯ ಹತ್ತಿರ. ಎರಡು ಗೋಡೆ, ಒಂದು ಕಬ್ಬಿಣದ ಬೀರು ದಾಟಿ ಬರುವಷ್ಟರಲ್ಲಿ ವೈಫೈ ಸುಸ್ತಾಗಿರುತ್ತದೆ. ಮೊಬೈಲ್ ಸಿಗ್ನಲ್ ಬೇಕಾದರೆ ತಾರಸಿ ಹತ್ತಬೇಕು. ರೂಟರನ್ನೇ ಈಚೆ ತಂದರಾಗದೇ ಎಂದು ವನಜಾ ಕೇಳಿದಳು. ಅಷ್ಟು ಸುಲಭದಲ್ಲಿ ಮುಗಿದರೆ ನನ್ನಂಥವನಿಗೆ ಏನು ಕೆಲಸ? ಕೇಬಲ್ ಸಾಲುವುದಿಲ್ಲ, ಇದೆಲ್ಲ ಟೆಕ್ನಿಕಲ್ ಎಂದು ಹೇಳಿ ಮಾತು ಮುಗಿಸಿದೆ.

ಟೆಕ್ನಿಕಲ್ ಜ್ಞಾನ ನನಗೆ ಸಿಕ್ಕಿದ್ದು ಕ್ಯಾತ್ಸಂದ್ರದಲ್ಲಿ, ತಟ್ಟೆ ಇಡ್ಲಿ ತಿನ್ನುವಾಗ. ಕೊಟ್ಟವನು ನನ್ನ ಸಹೋದ್ಯೋಗಿ, ಗುಬ್ಬಿಯ ರುದ್ರೇಶ. ರೂಟರಿನ ಹೊಟ್ಟೆಯೊಳಗೆ ಫರ್ಮ್‌ವೇರ್ ಎಂಬ ಸಾಫ್ಟ್‌ವೇರ್ ಇರುತ್ತದಂತೆ. ಕಂಪನಿಯವರು ಹಾಕಿದ್ದನ್ನು ತೆಗೆದು, ಹೊರಗಿನ ಬುದ್ಧಿವಂತರು ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟಿರುವುದನ್ನು ತುಂಬಿದರೆ ರೂಟರಿನ ದೆಸೆಯೇ ಬದಲಾಗುತ್ತದಂತೆ.

"ಕಂಪ್ನಿಯೋರು ಅರ್ಧ ಪವರ್ ಕಟ್ಟಾಕಿರ್ತಾರೆ ಕಣೋ. ಬಿಚ್ಚಿಬುಟ್ರೆ ಹಿಂದಿನ್ ರೂಮೇನು, ಹಿಂದಿನ್ ಬೀದಿಗೂ ಬರ್ತದೆ" ಅಂದ.

ಹಿಂದಿನ ಬೀದಿಯವರ ಉದ್ಧಾರದ ಹಂಬಲ ನನಗಿರಲಿಲ್ಲ. ಆದರೆ ಭಾನುವಾರ ವನಜಾ ಫೋನ್ ತೆರೆದಾಗ ಹಿಂದಿನ ಕೋಣೆಯಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿರಬೇಕು, ಇದೇನ್ರೀ ಎಂದು ಆಕೆ ನನ್ನ ಕಡೆ ನೋಡಬೇಕು ಎಂದು ಆಸೆಯಾಯಿತು. ಈ ವಯಸ್ಸಿನಲ್ಲಿ ಹೆಂಡತಿ ಆಶ್ಚರ್ಯದಿಂದ ನೋಡುವ ಸಂದರ್ಭಗಳು ಕಡಿಮೆ. ನೀನು ಇದನ್ನು ಮಾಡಿ ನೋಡಿದ್ದೀಯಾ ಎಂದು ರುದ್ರೇಶನನ್ನು ಕೇಳಬೇಕಿತ್ತು. ಇಡ್ಲಿ ಬಿಸಿಯಾಗಿತ್ತು, ಕೇಳಲಿಲ್ಲ.

ಭಾನುವಾರ ಬೆಳಗ್ಗೆ ವನಜಾ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ನಾನು ಹಳೆಯ ಲ್ಯಾಪ್‌ಟಾಪ್ ತೆರೆದು ಕೂತೆ. ಒಂದೇ ಹೆಸರಿನ ರೂಟರಿನಲ್ಲೂ ಬೇರೆ ಬೇರೆ ವರ್ಷನ್‌ಗಳಿರುತ್ತವೆ, ಅಡಿಯ ಸ್ಟಿಕ್ಕರ್ ನೋಡಿಕೊಳ್ಳಿ, ತಪ್ಪು ವರ್ಷನ್ನಿನದು ಹಾಕಿದರೆ ರೂಟರ್ ಸಾಯುತ್ತದೆ ಎಂದು ಫರ್ಮ್‌ವೇರ್ ಇಟ್ಟಿದ್ದ ಪುಟದಲ್ಲಿ ಕೆಂಪು ಅಕ್ಷರದಲ್ಲಿ ಬರೆದಿತ್ತು. ತಿರುಗಿಸಿ ನೋಡಿದೆ. ಹೋದ ಆಯುಧಪೂಜೆಯ ಕುಂಕುಮ ಸರಿಯಾಗಿ ಆ ಸಂಖ್ಯೆಯ ಮೇಲೆಯೇ ಕೂತಿತ್ತು. ಬಿಳಿ ರೂಟರಿನ ಅಂದ ಕೆಡಬಾರದೆಂದು ಅಡಿಗೆ ಕುಂಕುಮ ಇಡಿಸಿದವನು ನಾನೇ. ಸಂಖ್ಯೆಯ ಮೇಲ್ಭಾಗದ ಬಾಗು ಮಾತ್ರ ಕಾಣುತ್ತಿತ್ತು, ಎರಡೂ ಆಗಬಹುದು, ಮೂರೂ ಆಗಬಹುದು. ಒರೆಸಿದರೆ ಒಂದು ಕ್ಷಣದ ಕೆಲಸ. ಆದರೆ ಹೆಂಡತಿ ಮೊದಲ ಸಲ ಒಂದು ಕೆಲಸಕ್ಕೆ ಕೈ ಹಾಕಿರುವ ದಿನ ಕುಂಕುಮ ಒರೆಸುವುದೇ? ನನಗೆ ಕೈ ಬರಲಿಲ್ಲ. ನಮ್ಮಂಥ ಮಧ್ಯಮ ವರ್ಗದವರ ಮನೆಯಲ್ಲಿ ಎರಡೇ ಇರುತ್ತದೆ ಎಂದು ನಿರ್ಧರಿಸಿ, ಎರಡನೇ ವರ್ಷನ್ನಿನದನ್ನು ಇಳಿಸಿಕೊಂಡು ರೂಟರಿಗೆ ತುಂಬುವ ಬಟನ್ ಒತ್ತಿದೆ.

ಗೆರೆಯೊಂದು ಮೆಲ್ಲಗೆ ತುಂಬಿತು. ರೂಟರಿನ ದೀಪಗಳೆಲ್ಲ ಆರಿದವು. ಆಮೇಲೆ ಒಂದೇ ಒಂದು ದೀಪ ಕಣ್ಣು ಮಿಟುಕಿಸತೊಡಗಿ, ಅರ್ಧ ಗಂಟೆಯಾದರೂ ಅದನ್ನೇ ಮಾಡುತ್ತಿತ್ತು. ತಾರಸಿ ಹತ್ತಿ ರುದ್ರೇಶನಿಗೆ ಫೋನ್ ಮಾಡಿದೆ. ಅವನು ಗುಬ್ಬಿಯಲ್ಲಿ ಯಾರದೋ ಗೃಹಪ್ರವೇಶದ ಊಟಕ್ಕೆ ಕೂತಿದ್ದ. ಎರಡು ಹೋಳಿಗೆಗಳ ನಡುವೆ, ಒಂದು ಸಲ ಆಫ್ ಮಾಡಿ ಆನ್ ಮಾಡು ಅಂದ. ನೀನು ಹೇಗೆ ಮಾಡಿದ್ದೆ ಎಂದು ಈಗ ಕೇಳಿದೆ. ನಾನೆಲ್ಲಿ ಮಾಡಿದೀನಿ, ಯಾರೋ ಹೇಳಿದ್ರು ಅಂದು ತುಪ್ಪ ಬಡಿಸುವವರ ಕಡೆ ತಿರುಗಿದ.

ಹಿಂದಿನ ಕೋಣೆಯಲ್ಲಿ ವನಜಾ ದಾರದ ಲಡಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ವಿಷಯ ಹೇಳಿದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ, ಕೈಯಲ್ಲಿದ್ದ ಲಡಿಯನ್ನು ಮೆಲ್ಲಗೆ ಡಬ್ಬಿಗೆ ಹಾಕಿದಳು. ಇನ್ನೊಂದು ಲಡಿಯನ್ನೂ ಹಾಕಿದಳು. ಕ್ಲಾಸನ್ನೇ ಡಬ್ಬಿಗೆ ತುಂಬುತ್ತಿದ್ದಾಳೆ ಎಂದು ನನಗೆ ತಿಳಿಯಿತು. ತಪ್ಪಾಯ್ತು ಕಣೇ ಅಂದೆ. ಆಕೆ ಡಬ್ಬಿ ಪಕ್ಕಕ್ಕಿಟ್ಟಳು.

"ಗಂಟು ಬಿದ್ರೆ ಎಳೀಬಾರ್ದು ಕಣ್ರೀ, ಬಿಗಿಯಾಗ್ತದೆ. ಎಲ್ಲೀವರ್ಗೂ ಸರಿಯಿತ್ತೋ ಅಲ್ಲಿಗೆ ಹೋಗ್ಬೇಕು. ಮೊದ್ಲಿಂದ ಏನೇನ್ ಮಾಡಿದ್ರಿ ಹೇಳಿ."

ಹೇಳುತ್ತಾ ಹೋದೆ. ಕುಂಕುಮದ ಜಾಗ ಬಂದಾಗ ಆಕೆ ನಿಲ್ಲಿಸಿದಳು. ರೂಟರ್ ತರಿಸಿ, ಒದ್ದೆ ಬಟ್ಟೆಯಿಂದ ಒಂದೇ ಸಲ ಒರೆಸಿದಳು. ಮೂರು. ಇವತ್ತು ನಿನ್ನ ಮೊದಲ ಕ್ಲಾಸಿನ ದಿನ ಅಂತ ಒರೆಸಲಿಲ್ಲ ಕಣೇ ಎಂದು ನಾನು ಗೊಣಗಿದೆ. ಆಕೆಯ ತುಟಿಯ ತುದಿ ಅಲುಗಿತು. ನಗುವೋ ಸಿಟ್ಟೋ ಗೊತ್ತಾಗಲಿಲ್ಲ.

ನಾನು ಮತ್ತೆ ತಾರಸಿ ಹತ್ತಿ, ನೀರಿನ ಟ್ಯಾಂಕಿನ ಪಕ್ಕ ಮೊಬೈಲ್ ಎತ್ತಿ ಹಿಡಿದು ನಿಂತು, ಮೂರನೇ ವರ್ಷನ್ನಿಗೆ ಕಂಪನಿಯವರದೇ ಹಳೆಯ ಫರ್ಮ್‌ವೇರ್ ಇಳಿಸಿಕೊಂಡೆ. ಸತ್ತ ರೂಟರನ್ನು ಎಬ್ಬಿಸುವ ಕ್ರಮವೂ ಅಲ್ಲೇ ಇತ್ತು. ಲ್ಯಾಪ್‌ಟಾಪಿಗೆ ತಂತಿಯಿಂದ ಜೋಡಿಸಬೇಕು, ಹಿಂದಿನ ಸಣ್ಣ ತೂತಿನೊಳಗಿನ ಗುಂಡಿಯನ್ನು ಒತ್ತಿ ಹಿಡಿದೇ ಸ್ವಿಚ್ ಹಾಕಬೇಕು. ಎರಡು ಸಲ ನನ್ನ ಬೆಂಕಿಕಡ್ಡಿ ಗುಂಡಿಯಿಂದ ಜಾರಿತು. ಮೂರನೇ ಸಲ ವನಜಾ ತನ್ನ ದಪ್ಪ ಸೂಜಿಯ ಹಿಂಬದಿಯನ್ನು ತೂತಿಗಿಟ್ಟು ಅಲುಗದೆ ಹಿಡಿದಳು. ನಾನು ಸ್ವಿಚ್ ಹಾಕಿದೆ. ದೀಪಗಳು ಒಂದೊಂದಾಗಿ ಕಣ್ಣು ಬಿಟ್ಟವು. ಗಂಟೆ ಎರಡೂವರೆ. ಗೋಡೆ ಗಡಿಯಾರ ಎರಡು ನಲವತ್ತು ಎನ್ನುತ್ತಿತ್ತು.

ಎಲ್ಲ ಮೊದಲಿನಂತಾಯಿತು. ಅಂದರೆ ಹಿಂದಿನ ಕೋಣೆಗೆ ಸಿಗ್ನಲ್ ಮೊದಲಿನಂತೆಯೇ ಇಲ್ಲ. ವನಜಾ ಹಾಲ್‌ಗೆ ಹೋಗಿ, ಕಿಟಕಿಯ ಪಕ್ಕದ ಕ್ಯಾಲೆಂಡರ್ ಎತ್ತಿದಳು. ಅದರ ಹಿಂದೆ ಮೊಳೆಗೆ ನೇತುಹಾಕಿದ ಕೇಬಲ್ಲಿನ ದೊಡ್ಡ ಸುರುಳಿ. ಕನೆಕ್ಷನ್ ಕೊಟ್ಟವರು ಬಿಟ್ಟುಹೋದದ್ದು. ನೋಡಲು ಚೆನ್ನಾಗಿಲ್ಲವೆಂದು ಕ್ಯಾಲೆಂಡರಿನಿಂದ ಮುಚ್ಚಿದವನೂ ನಾನೇ. ಆಕೆ ದಾರದ ಲಡಿ ಬಿಡಿಸಿದಂತೆ ಸುರುಳಿ ಬಿಡಿಸುತ್ತಾ ಬಂದಳು. ಹಿಂದಿನ ಕೋಣೆ ಮುಟ್ಟಿಯೂ ಎರಡು ಮಾರು ಉಳಿಯಿತು.

ಮೂರಕ್ಕೆ ಕ್ಲಾಸ್ ಶುರುವಾಯಿತು. ನಾನು ಬಾಗಿಲ ಹೊರಗೆ, ಏನನ್ನೂ ಮುಟ್ಟುವುದಿಲ್ಲವೆಂಬ ಕರಾರಿನ ಮೇಲೆ ಕೂತೆ. ಮೊದಲು ವನಜಾ ಪ್ರತಿ ಮಾತನ್ನೂ ಎರಡೆರಡು ಸಲ ಶುರುಮಾಡುತ್ತಿದ್ದಳು. ಆಮೇಲೆ ಅಮೃತೂರಿನವರಲ್ಲೊಬ್ಬರ ದಾರ ಸಿಕ್ಕಾಯಿತು. ಎಳೀಬೇಡಿ, ಸರಿಯಿದ್ದ ಕಡೆಗೆ ವಾಪಸ್ ಹೋಗಿ ಅಂದಳು. ಈಗಷ್ಟೇ ನಮ್ಮ ಮನೇಲೂ ಒಂದು ಇಂಥದೇ ಬಿಡಿಸಿದೆ ಎಂದೂ ಸೇರಿಸಿದಳು.

"ನಮ್ಮಣ್ಣ ಏನ್ ಮಾಡ್ದ ಅತ್ತಿಗೆ?" ಎಂದು ಕೊತ್ತಗೆರೆಯಿಂದ ಸುಶೀಲ ತಕ್ಷಣ ಕೇಳಿದಳು.

ಆರು ಜನ ನಕ್ಕರು. ವನಜಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ನಗುವಿನಲ್ಲಿ ಆಕೆಯ ವಾರದ ಅಳುಕು ಕಳೆದುಹೋಯಿತು. ಆಮೇಲೆ ಒಂದು ಗಂಟೆ ಆಕೆ ತಡವರಿಸಲೇ ಇಲ್ಲ. ಹೊರಗೆ ಕೂತ ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಮುಂದಿನ ಭಾನುವಾರವೂ ಕ್ಲಾಸ್ ನಡೆಯಿತು, ಈಗಲೂ ನಡೆಯುತ್ತಿದೆ.

ಈ ಸಲದ ಆಯುಧಪೂಜೆಗೆ ಸ್ಕೂಟರ್, ಮಿಕ್ಸಿ, ಸೂಜಿ ಡಬ್ಬಿ, ರೂಟರ್ ಎಲ್ಲ ಸಾಲಾಗಿ ಕೂತಿದ್ದವು. ವನಜಾ ರೂಟರಿನ ನೆತ್ತಿಯ ಮೇಲೆ, ಅಂದ ಕೆಟ್ಟರೆ ಕೆಡಲಿ ಎಂದು ದೊಡ್ಡದಾಗಿ ಕುಂಕುಮ ಇಟ್ಟಳು. ಆಮೇಲೆ ನನಗೆ ಕೈ ನೀಡಿ ಅಂದಳು. ಪ್ರಸಾದವೆಂದು ಎರಡೂ ಕೈ ನೀಡಿದೆ. ಹತ್ತು ಬೆರಳಿಗೂ ಒಂದೊಂದು ಬೊಟ್ಟು ಇಟ್ಟು, "ಮನೇಲಿರೋ ಆಯುಧಕ್ಕೆಲ್ಲ ಆಯ್ತು" ಎಂದು ಮಂಗಳಾರತಿ ಎತ್ತಿದಳು. ಕುಂಕುಮ ಒರೆಸಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಆ ದಿನವೆಲ್ಲ ಏನನ್ನೂ ಮುಟ್ಟಲಿಲ್ಲ, ಮನೆಯಲ್ಲಿ ಏನೂ ಕೆಡಲಿಲ್ಲ.